ನೆಂಟರ ಊರು ಸುತ್ತಲು ಹುಬ್ಬಳ್ಳಿಯಿಂದ ಬಾಡಿಗೆ ಎರ್ಟಿಗಾ: ಡ್ರೈವರ್‌ಗೆ ಪೂರ್ತಿ ಅಂಕ, ಆಫೀಸಿಗೆ ಅರ್ಧ

ಜರ್ಮನಿಗೆ ಹೊರಡುವ ಮುಂಚೆ ಗದಗ, ಹಾವೇರಿ ಕಡೆ ಇರುವ ಬಳಗವನ್ನೆಲ್ಲ ಕಂಡು ಬರಬೇಕು ಅಂತ ಹುಬ್ಬಳ್ಳಿಯ ಒಂದು ಸಣ್ಣ ಟ್ರಾವೆಲ್ಸ್‌ನಿಂದ ಡ್ರೈವರ್ ಸಮೇತ ಎರ್ಟಿಗಾ ಬಾಡಿಗೆಗೆ ತೆಗೆದುಕೊಂಡಿದ್ದೆವು. ನಾನು, ಅಪ್ಪ, ಅವ್ವ, ನನ್ನ ಅತ್ತೆ. ನಮ್ಮ ಮನೆಯವರು ಆಗಲೇ ಜರ್ಮನಿಯಲ್ಲಿ ಕೆಲಸದಲ್ಲಿದ್ದಾರೆ. ವೀಸಾ ಕೈಗೆ ಬಂದ ಮೇಲೆ ಊರೂರು ತಿರುಗಿ ಹಿರಿಯರ ಕಾಲಿಗೆ ಬಿದ್ದು ಬರುವ ಕೆಲಸ ನಮ್ಮ ಕಡೆಯ ಎಲ್ಲರಿಗೂ ಇದ್ದದ್ದೇ. ಹಾಗೆ ಹೊರಟವರಿಗೆ ಉಪಯೋಗವಾಗಲಿ ಅಂತ ವಿವರವಾಗಿ ಬರೆಯುತ್ತಿದ್ದೇನೆ. ಟ್ರಾವೆಲ್ಸ್‌ನ ಹೆಸರು ಹಾಕುತ್ತಿಲ್ಲ, ಯಾಕಂದರೆ ನನಗೆ ಬೇಜಾರಾದ ನಿಯಮ ಅವರೊಬ್ಬರದೇ ಅಲ್ಲ.

ಮೊದಲು ದುಡ್ಡಿನ ಮಾತು. ಕಿಲೋಮೀಟರಿಗೆ 14 ರೂಪಾಯಿ, ಡ್ರೈವರ್ ಬತ್ತೆ ದಿನಕ್ಕೆ 500, ಟೋಲ್ ನಮ್ಮದು. ಇಷ್ಟು ಫೋನಿನಲ್ಲೇ ಹೇಳಿದ್ದರು. ಹೇಳದೇ ಬಿಟ್ಟದ್ದು ದಿನಕ್ಕೆ ಕನಿಷ್ಠ 250 ಕಿಲೋಮೀಟರಿನ ಲೆಕ್ಕ. ಗಾಡಿ ಮನೆ ಮುಂದೆ ಬಂದು ನಿಂತ ಮೇಲೆ, ಡ್ರೈವರ್ ತಂದ ಚೀಟಿಯಲ್ಲಿ ಅದನ್ನು ನೋಡಿದೆವು. ಹುಬ್ಬಳ್ಳಿಯಿಂದ ಗದಗ 60 ಕಿಲೋಮೀಟರಿನೊಳಗೆ. ನಡುವೆ ಅಣ್ಣಿಗೇರಿಯಲ್ಲಿ ಇಳಿದು, ಬೆಟಗೇರಿಯ ಓಣಿಗಳನ್ನು ಸುತ್ತಿದರೂ ಗಾಡಿ ಓಡುವುದು ನೂರರೊಳಗೆ, ಬಿಲ್ ಆಗುವುದು 250ಕ್ಕೆ, ಅಂದರೆ 3500 ರೂಪಾಯಿ. ಆಫೀಸಿಗೆ ಫೋನ್ ಮಾಡಿದರೆ "ಔಟ್‌ಸ್ಟೇಷನ್ ಅಂದ್ರ ಎಲ್ಲಾ ಕಡೆ ಹಂಗರೀ ಮೇಡಂ" ಅಂದರು. ಎಂಟು ತಾಸು, 80 ಕಿಲೋಮೀಟರಿನ ಪ್ಯಾಕೇಜ್ ಇದೆ, ಆದರೆ ಅದು ಹುಬ್ಬಳ್ಳಿ-ಧಾರವಾಡದ ಒಳಗೆ ಮಾತ್ರ.

ಆ ದರ ಅನ್ಯಾಯ ಅಂತ ನಾನು ಹೇಳುವುದಿಲ್ಲ. ಇಡೀ ದಿನ ಗಾಡಿ ನಮ್ಮ ಹತ್ತಿರವೇ ಇದ್ದರೆ ಬೇರೆ ಬಾಡಿಗೆ ಸಿಗದು, ಅವರ ಹೊಟ್ಟೆಯೂ ನಡೆಯಬೇಕು. ಆದರೆ ಇದು ಬುಕಿಂಗ್ ಮಾಡುವಾಗಲೇ ಬಾಯಿಬಿಟ್ಟು ಹೇಳಬೇಕಾದ ಮಾತು. ನೆಂಟರ ಮನೆಗೆ ಹೊರಟವರ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಹಾಗಾಗಿ ಈ ನಿಯಮದ ಭಾರ ಎಲ್ಲರಿಗಿಂತ ಹೆಚ್ಚು ಬೀಳುವುದು ನಮ್ಮಂಥವರ ಮೇಲೆ.

ನಾವು ದುಡ್ಡು ಕೊಡುವುದು ಕಾಯುವಿಕೆಗೆ ಅಂದ ಮೇಲೆ, ಡ್ರೈವರ್ ಹೇಗೆ ಕಾಯುತ್ತಾರೆ ಅನ್ನುವುದರ ಮೇಲೇ ಇಡೀ ಪ್ರವಾಸ ನಿಂತಿರುತ್ತದೆ. ನಮಗೆ ಸಿಕ್ಕವರು ನವಲಗುಂದ ಕಡೆಯವರು, ಐವತ್ತರ ಆಸುಪಾಸಿನ ಹಿರಿಯರು. ಅವರನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಅಣ್ಣಿಗೇರಿಯಲ್ಲಿ ಅಪ್ಪನ ಸೋದರತ್ತೆ, ಅಂದರೆ ನನಗೆ ಅಜ್ಜಿ, ಇದ್ದಾರೆ. ಅಮೃತೇಶ್ವರ ಗುಡಿಯಿಂದ ಮುಂದಕ್ಕೆ ಓಣಿ ಸಣ್ಣದು, ಎದುರಿಗೆ ಚಕ್ಕಡಿ ಬಂದರೆ ಗಾಡಿ ಹಿಂದಕ್ಕೇ ಬರಬೇಕು. ಇವರು ಓಣಿಯ ಬಾಯಲ್ಲೇ ಗಾಡಿ ನಿಲ್ಲಿಸಿ, ಇಳಿದು ನಡೆದು ಹೋಗಿ ತಿರುಗಿಸುವ ಜಾಗ ನೋಡಿಕೊಂಡು ಬಂದು, ಆಮೇಲೆ ಒಳಗೆ ತಂದರು. ಸೊಂಟ ನೋವಿನ ಅಪ್ಪನನ್ನು ಕಟ್ಟೆಗೆ ತಾಗಿಸಿದಂತೆ ಇಳಿಸಿದರು. ಹತ್ತು ನಿಮಿಷ ಕೂತು ಬರುತ್ತೇವೆ ಅಂದವರು ಎದ್ದದ್ದು ಊಟ ಮುಗಿಸಿ. ಒಮ್ಮೆಯೂ ಹಾರ್ನ್ ಇಲ್ಲ, ಫೋನ್ ಇಲ್ಲ, ಬಾಗಿಲಿಗೆ ಬಂದು ಇಣುಕಿದ್ದಿಲ್ಲ. ಹಿಂದೊಮ್ಮೆ ಬೇರೆ ಕಡೆಯಿಂದ ತಂದ ಗಾಡಿಯವರು ಅರ್ಧ ತಾಸಿಗೇ ಗೊಣಗಲು ಶುರು ಮಾಡಿದ್ದರು. ಅಜ್ಜಿಯ ಹತ್ತಿರ ಕೂತರೂ ನನ್ನ ಮನಸ್ಸೆಲ್ಲ ಬೀದಿಯಲ್ಲೇ ಇತ್ತು. ಈ ಸಲ ಅಜ್ಜಿಯ ಕೈ ಹಿಡಿದುಕೊಂಡು, ಅವರು ಹೇಳಿದ್ದನ್ನೇ ಹೇಳಿದರೂ ಕೇಳಿಸಿಕೊಳ್ಳುವಷ್ಟು ಸಮಾಧಾನ ನನಗಿತ್ತು. ಅದಕ್ಕೆ ಬೆಲೆ ಕಟ್ಟಲಾಗದು.

ಬೆಟಗೇರಿಯಲ್ಲಿ ದೊಡ್ಡವ್ವನ ಮನೆ. ಮಗ್ಗದ ಸಪ್ಪಳ ಓಣಿಯ ತುದಿಗೇ ಕೇಳುತ್ತದೆ. ಡ್ರೈವರ್ "ನಾ ಗಾಡ್ಯಾಗ ಕುಂದರ್ತೇನ್ರಿ ಅವ್ವಾರ" ಅಂದರೆ ದೊಡ್ಡವ್ವ ಬಿಡಲಿಲ್ಲ. "ಗಾಡಿ ಹೊಡಿಯೋರು ಹಸದು ಕುಂದರಬಾರದು, ಒಳಗ ಬಾರಪಾ" ಅಂತ ಕರೆದು ನಮ್ಮ ಪಂಕ್ತಿಯಲ್ಲೇ ಕೂರಿಸಿದರು. ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಝುಣಕ, ರಂಜಕ, ಗಟ್ಟಿ ಮೊಸರು. ಊಟ ಆದ ಮೇಲೆ ಉಡಿ ತುಂಬಿದರು. ಅಕ್ಕಿ, ಒಣಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಎಲೆ ಅಡಿಕೆ, ಮೇಲೆ ಒಂದು ಗುಳೇದಗುಡ್ಡದ ಕಣ (ಕುಪ್ಪಸದ ಬಟ್ಟೆ). ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸುವಾಗ ದೊಡ್ಡವ್ವನ ಕೈ ನಡುಗುತ್ತಿತ್ತು. "ಅಲ್ಲಿ ಥಂಡಿ ಭಾಳಂತಲ್ಲವಾ" ಅಂತಷ್ಟೇ ಅಂದರು.

ಹೀಗೆ ಮನೆಮನೆಯಲ್ಲೂ ಉಡಿ, ಮನೆಮನೆಯಲ್ಲೂ ಡಬ್ಬಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಕಟಕ್ ರೊಟ್ಟಿ, ತುಪ್ಪ, ಧಾರವಾಡ ಪೇಡೆ. ಡ್ರೈವರ್ ಹಳೇ ಗೋದಿಹಿಟ್ಟಿನ ಬಿಳಿ ಚೀಲಗಳನ್ನು ತೊಳೆದು ಮಡಚಿ ಇಟ್ಟುಕೊಂಡಿದ್ದರು. ಒಂದೊಂದು ಮನೆಯ ಅಕ್ಕಿ-ಕೊಬ್ಬರಿಗೆ ಒಂದೊಂದು ಚೀಲ. ತುಪ್ಪದ ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಸುತಳಿಯಿಂದ ಎರಡು ಸುತ್ತು ಬಿಗಿದು, ರೊಟ್ಟಿಯ ಡಬ್ಬಿಗೆ ತಾಗದಂತೆ ಸೀಟಿನ ಕೆಳಗೆ ನೆಟ್ಟಗೆ ನಿಲ್ಲಿಸಿದರು. ಹಾವೇರಿ ಮುಟ್ಟುವ ತನಕ ಒಂದು ಹನಿ ಹೊರಗೆ ಬರಲಿಲ್ಲ, ಒಂದು ರೊಟ್ಟಿ ಮುರಿಯಲಿಲ್ಲ. ಇದು ಯಾವ ಚೀಟಿಯಲ್ಲೂ ಬರೆದ ಕೆಲಸ ಅಲ್ಲ.

ಇನ್ನೊಂದು ದೊಡ್ಡ ಉಪಕಾರ. ವಿದೇಶಕ್ಕೆ ಹೋಗುವವರನ್ನು ಸಾಕಷ್ಟು ಸಲ ಬೆಂಗಳೂರಿಗೆ ಬಿಟ್ಟು ಬಂದವರು ಅವರು. ಕೊಬ್ಬರಿ ಬಟ್ಟಲು ನಾನು ಸೂಟ್‌ಕೇಸಿಗೆ ಹಾಕುತ್ತಿದ್ದದ್ದು ನೋಡಿ, "ಅಕ್ಕಾರ, ಒಣಕೊಬ್ಬರಿ ವಿಮಾನದಾಗ ಬಿಡಂಗಿಲ್ಲರಿ" ಅಂದರು. ವಿಮಾನಯಾನ ಸಂಸ್ಥೆಗಳ ಪಟ್ಟಿ ತೆರೆದು ನೋಡಿದರೆ ನಿಜ. ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚು, ಬೆಂಕಿ ಹತ್ತುವ ವಸ್ತು ಅಂತ ತಡೆದಿದ್ದಾರೆ. ಅಲ್ಲಿಂದ ಮುಂದೆ ಓದುತ್ತ ಹೋದಾಗ ಪೇಡೆ ಮತ್ತು ತುಪ್ಪದ ಗತಿಯೂ ತಿಳಿಯಿತು. ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವಂತಿಲ್ಲ. ಪೇಡೆ ಖವಾದಿಂದಲೇ ಆಗುವುದು, ಅದಕ್ಕೆ ವಿನಾಯಿತಿ ಇಲ್ಲ. ಹಾಗಾಗಿ ಜರ್ಮನಿಗೆ ಹೋಗುವವರಿಗೆ ದಯವಿಟ್ಟು ಯಾರೂ ಪೇಡೆ ಕಟ್ಟಿ ಕೊಡಬೇಡಿ, ಎದುರಿಗೇ ಕೂರಿಸಿ ತಿನ್ನಿಸಿ. ಚಟ್ನಿ ಪುಡಿ, ರೊಟ್ಟಿ, ಒಣ ಮೆಣಸಿನಕಾಯಿಗೆ ಈ ತೊಡಕಿಲ್ಲ. ನಮ್ಮ ಪೇಡೆಯೆಲ್ಲ ಮುಂದಿನ ಮನೆಗಳ ಮಕ್ಕಳ ಕೈಸೇರಿತು.

ಗದಗದಿಂದ ಮುಳಗುಂದ, ಲಕ್ಷ್ಮೇಶ್ವರದ ಮೇಲೆ ಸವಣೂರಿಗೆ ಬಂದೆವು. ರಸ್ತೆ ಕೆಲವು ಕಡೆ ಕೆಟ್ಟಿದೆ. ಅಪ್ಪನಿಗೆ ಪೆಟ್ಟು ತಾಗದಂತೆ ಗುಂಡಿಗಳನ್ನು ನಿಧಾನಕ್ಕೆ ದಾಟಿಸಿದರು. ಸವಣೂರಿನಲ್ಲಿ ಕಾಲೇಜಿನ ಗೆಳತಿ, ಅವಳ ಮನೆಯ ಚಹಾ, ಎರಡು ಪೊಟ್ಟಣ ಸವಣೂರು ಖಾರ (ಕುರುಕಲು ತಿಂಡಿ). ದೊಡ್ಡಹುಣಸೆ ಮಠದ ಆ ದೊಡ್ಡ ಹುಣಸೆಮರಗಳನ್ನು (ಹೆಸರಿಗೆ ಹುಣಸೆ, ಅಸಲಿಗೆ ಬಾವೋಬಾಬ್ ಮರಗಳು) ಅತ್ತೆ ನೋಡಿರಲಿಲ್ಲ. ಡ್ರೈವರ್ ಕೇಳದೆಯೇ ಆ ಕಡೆ ಗಾಡಿ ತಿರುಗಿಸಿದರು.

ಹಾವೇರಿಯಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಹೆದ್ದಾರಿ ಹಿಡಿದು ಮೋಟೆಬೆನ್ನೂರಿನಲ್ಲಿ ಒಳಕ್ಕೆ ತಿರುಗಿ ಬ್ಯಾಡಗಿಗೆ. ಅಲ್ಲಿ ಕಾಕಾ ಒಬ್ಬರ ದಲಾಲಿ ಅಂಗಡಿ. ಸುಗ್ಗಿಯ ಕಾಲ, ಮಾರುಕಟ್ಟೆಯ ದಿನ, ಊರಿಗೆ ಹತ್ತಿರವಾಗುತ್ತಿದ್ದಂತೆ ಗಾಜು ಏರಿಸಿದ್ದರೂ ಘಾಟು ಮೂಗಿಗೆ ಬಂತು. ಕಾಕಾ ಡಬ್ಬಿ ತಳಿಯ ಮೆಣಸಿನಕಾಯಿಯನ್ನು ಕೈಯಾರೆ ಆರಿಸಿ, ನೆರಿಗೆ ನೆರಿಗೆಯಾದ ಕಡುಗೆಂಪು ಕಾಯಿಗಳನ್ನಷ್ಟೇ ತೆಗೆದು ಕೊಟ್ಟರು. ಖಾರ ಕಡಿಮೆ, ಬಣ್ಣ ಹೆಚ್ಚು. ಜರ್ಮನಿಯಲ್ಲಿ ನಮ್ಮ ಎಣಗಾಯಿಗೆ ಬೇಕಾದದ್ದು ಅದೇ. ಆಮೇಲೆ ಚೀಲ ತೂಗುವ ಕಾಟಾದ ಮೇಲೆ ನನ್ನ ಸೂಟ್‌ಕೇಸನ್ನೇ ಇಟ್ಟರು. ನನ್ನ ಟಿಕೆಟ್ಟಿಗೆ 23 ಕಿಲೋ ಮಿತಿ, ಕಾಟಾ ತೋರಿಸಿದ್ದು 19. ಖಾಲಿ ಸೂಟ್‌ಕೇಸ್ ಜೊತೆಗೇ ಒಯ್ದು ಊರೂರಲ್ಲಿ ತುಂಬುತ್ತ ಬಂದದ್ದು ಒಳ್ಳೆಯದಾಯಿತು, ಯಾವುದು ಹೋಗುತ್ತದೆ ಯಾವುದು ಉಳಿಯುತ್ತದೆ ಅಂತ ಕೊಟ್ಟವರ ಎದುರಿಗೇ ತೀರ್ಮಾನ ಆಗುತ್ತದೆ, ಯಾರಿಗೂ ಬೇಜಾರಿಲ್ಲ.

ಗಾಡಿಯ ಬಗ್ಗೆ ಎರಡು ಮಾತು. ಎರ್ಟಿಗಾ ಏಳು ಸೀಟಿನದು, ಆದರೆ ಏಳೂ ಜನ ಕೂತರೆ ಹಿಂದೆ ಒಂದು ದೊಡ್ಡ ಪೆಟ್ಟಿಗೆಗೂ ಜಾಗ ಕಷ್ಟ. ನಾವು ನಾಲ್ವರೇ ಇದ್ದದ್ದರಿಂದ ಕೊನೆಯ ಸಾಲು ಮಡಚಿದೆವು, ಎಲ್ಲ ಹಿಡಿಯಿತು. ಏಸಿ ಚೆನ್ನಾಗಿತ್ತು. ಕೊರತೆ ಒಂದೇ, ಆದರೆ ಸಣ್ಣದಲ್ಲ: ಹೊಸದಾಗಿ ಹಾಕಿಸಿದ ಸೀಟ್ ಕವರಿನ ಅಡಿಯಲ್ಲಿ ನಡುಸಾಲಿನ ಬೆಲ್ಟಿನ ಕೊಂಡಿಗಳೆಲ್ಲ ಮುಚ್ಚಿಹೋಗಿದ್ದವು. ಕೇಳಿದ ಕೂಡಲೇ ಡ್ರೈವರ್ ಕವರ್ ಬಿಚ್ಚಿ ಹೊರಗೆ ತೆಗೆದು ಕೊಟ್ಟರು. ಇದನ್ನು ಟ್ರಾವೆಲ್ಸ್‌ನವರು ಗಾಡಿ ಕಳಿಸುವ ಮುಂಚೆಯೇ ನೋಡಬೇಕಿತ್ತು. ಬಂಕಾಪುರ, ಶಿಗ್ಗಾವಿ ದಾಟಿ ಸಂಜೆಗತ್ತಲಲ್ಲಿ, ಅಪಘಾತಗಳಿಗೆ ಹೆಸರಾದ ಹುಬ್ಬಳ್ಳಿ-ಧಾರವಾಡ ಬೈಪಾಸಿಗೆ ಬಂದಾಗ ಆ ಬೆಲ್ಟ್ ಎಷ್ಟು ಮುಖ್ಯ ಅನ್ನುವುದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಇವರು ಒಂದು ಲಾರಿಯನ್ನೂ ಹಿಂದೆ ಹಾಕಲು ಹೋಗಲಿಲ್ಲ. ಹಿಂದಿನ ಕಾರು ಲೈಟು ಹೊಡೆದು ಒತ್ತಾಯ ಮಾಡಿದರೂ ತಮ್ಮ ಸಾಲು ಬಿಡಲಿಲ್ಲ.

ಲೆಕ್ಕವೂ ಚೊಕ್ಕ. ಪ್ರತಿ ನಿಲುಗಡೆಯ ಕಿಲೋಮೀಟರನ್ನು ಒಂದು ಡೈರಿಯಲ್ಲಿ ಬರೆದಿದ್ದರು, ಟೋಲ್ ಚೀಟಿ ಅದರೊಳಗೇ ಪಿನ್ ಮಾಡಿದ್ದರು. ನಾನು ಬರೆದಿಟ್ಟಿದ್ದಕ್ಕೆ ಸರಿಹೊಂದಿತು.

ಬರೀ ಹುಬ್ಬಳ್ಳಿ-ಧಾರವಾಡದ ಮನೆಗಳಿಗಾದರೆ ಗಾಡಿ ಬೇಡ, ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ಸಾಕು. ಗದಗ, ಹಾವೇರಿ ಸೇರಿಸಿ ಹೊರಟವರು, ಅದರಲ್ಲೂ ವಯಸ್ಸಾದವರು ಜೊತೆಗಿದ್ದವರು, ಖಂಡಿತ ಡ್ರೈವರ್ ಇರುವ ಗಾಡಿಯನ್ನೇ ಮಾಡಿ. ಕನಿಷ್ಠ ಕಿಲೋಮೀಟರ್ ಎಷ್ಟು ಅಂತ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ದೂರದ ಊರುಗಳನ್ನು ಒಂದೇ ದಿನಕ್ಕೆ ಸೇರಿಸಿದರೆ ಆ 250 ವ್ಯರ್ಥವಾಗುವುದಿಲ್ಲ. ಡ್ರೈವರ್ ಹಿರಿಯರೇ ಬೇಕು ಅಂತ ಕೇಳಿ. ಬೆಂಗಳೂರು ವಿಮಾನ ನಿಲ್ದಾಣಕ್ಕೂ ನಾನು ಇವರನ್ನೇ ಕೇಳಿದ್ದೇನೆ, ಅಲ್ಲಿಗೆ ಒಂದೇ ಕಡೆಗೆ 400 ಕಿಲೋಮೀಟರ್ ಮೀರುವುದರಿಂದ ಕನಿಷ್ಠದ ತಕರಾರು ಬರುವುದಿಲ್ಲ.