ಅಜ್ಜಿಗೆ ತೋರಿಸುವ ಶೆಟ್ಟಿಹಳ್ಳಿ: ಪ್ರವಾಸದ ನೆನಪಿಗೆ ಎಆರ್‌ನ ಮೂರು ದಾರಿ

ಬೇಲೂರು, ಶೆಟ್ಟಿಹಳ್ಳಿ, ಮುಳ್ಳಯ್ಯನಗಿರಿ ಸುತ್ತಿ ಬಂದವರು ಮನೆಯಲ್ಲೇ ಉಳಿದ ಅಜ್ಜಿಗೆ ಆ ಜಾಗಗಳನ್ನು ಎಆರ್‌ನಲ್ಲಿ (ಫೋನ್ ಕ್ಯಾಮೆರಾದಲ್ಲಿ ಕಾಣುವ ನಿಜ ದೃಶ್ಯದ ಮೇಲೆ ಚಿತ್ರ, ವಿಡಿಯೊ ಕೂರಿಸುವ ತಂತ್ರ) ತೋರಿಸಲು ಮೂರು ದಾರಿಗಳಿವೆ: ಪ್ರಿಂಟ್ ಹಾಕಿಸಿದ ಫೋಟೊ ಮೇಲೆ ವಿಡಿಯೊ ಓಡಿಸುವುದು, 3ಡಿ ಮಾದರಿಯನ್ನು ಮನೆಯ ನೆಲದ ಮೇಲೆ ನಿಲ್ಲಿಸುವುದು, ಜಿಪಿಎಸ್ ಹಿಡಿದು ಸ್ಥಳದಲ್ಲೇ ನೆನಪನ್ನು ಇಟ್ಟು ಬರುವುದು. ಮೂರನ್ನೂ ಮಾಡಿ ನೋಡಿದ ಮೇಲೆ ಹೇಳುವುದಾದರೆ, ಮನೆಯವರಿಗೆ ಫೋಟೊ ಕಾರ್ಡೇ ಮೇಲು.

ಕಾರ್ಡಿನ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ನೀವು ಮಾಡಿಟ್ಟ ವೆಬ್ ಪುಟ ತೆರೆಯುತ್ತದೆ; ಅದರ ಕ್ಯಾಮೆರಾವನ್ನು ಫೋಟೊಗೆ ಹಿಡಿದರೆ ವಿಡಿಯೊ ಓಡುತ್ತದೆ. ಇಂಥ ಪುಟ ಮಾಡಲು ಮೈಂಡ್‌ಎಆರ್ ಎಂಬ ಸಾಫ್ಟ್‌ವೇರ್ ಸಾಕು. ಅದು ಉಚಿತ, ಆ್ಯಪ್ ಹಾಕಿಕೊಳ್ಳಬೇಕಿಲ್ಲ, ಬ್ರೌಸರ್‌ನಲ್ಲೇ ಓಡುತ್ತದೆ. ಫೋಟೊವನ್ನು ಅದರ ಕಂಪೈಲರ್‌ಗೆ (ಫೋಟೊವನ್ನು ಕ್ಯಾಮೆರಾ ಗುರುತಿಸಬಲ್ಲ ಫೈಲ್ ಆಗಿ ಬದಲಿಸುವ ಸಾಧನ) ಕೊಟ್ಟರೆ ಎಲ್ಲೆಲ್ಲಿ ಗುರುತಿನ ಚುಕ್ಕಿಗಳು ಸಿಕ್ಕಿವೆ ಎಂದು ತೋರಿಸುತ್ತದೆ. ಮಂಜು ಮುಚ್ಚಿದ ಮುಳ್ಳಯ್ಯನಗಿರಿಯ ಫೋಟೊದಲ್ಲಿ ಚುಕ್ಕಿಗಳೇ ಬೀಳುವುದಿಲ್ಲ. ವಿಡಿಯೊ ನಿಲ್ಲದೆ ನಡುಗುತ್ತದೆ. ಹೊಯ್ಸಳ ಗುಡಿಯ ಬುಡದ ಆನೆ ಸಾಲಿನಲ್ಲಿ ತೊಂದರೆ ಬೇರೆ: ಒಂದೇ ಆಕಾರ ಮತ್ತೆ ಮತ್ತೆ ಬರುವುದರಿಂದ ಯಾವ ಆನೆ ಎಂದು ಕ್ಯಾಮೆರಾಗೆ ಗೊಂದಲ. ಮಂಜಿನ ಫೋಟೊವೇ ಬೇಕೆಂದರೆ ಸುತ್ತ ಎರಡು ಬೆರಳಗಲದ ಅಂಚು ಬಿಟ್ಟು, ಅದರಲ್ಲಿ ಊರಿನ ಹೆಸರು, ತಾರೀಖು, ಕಾಫಿ ಎಲೆಯ ಚಿತ್ತಾರ ತುಂಬಿ. ಅಂಚನ್ನೂ ಸೇರಿಸಿ ಕಂಪೈಲ್ ಮಾಡಿ. ಪ್ರಿಂಟ್ ಮ್ಯಾಟ್ ಆಗಿರಲಿ. ಹೊಳಪಿನ ಕಾಗದದಲ್ಲಿ ಟ್ಯೂಬ್‌ಲೈಟ್ ಪ್ರತಿಫಲಿಸಿದರೆ ಗುರುತು ತಪ್ಪುತ್ತದೆ, ಗಾಜಿನ ಫ್ರೇಮ್‌ನಲ್ಲೂ ಅಷ್ಟೇ.

ವಿಡಿಯೊ 20 ಸೆಕೆಂಡ್ ಮೀರದ ಎಂಪಿ4 ಇರಲಿ, 720ಪಿ ಸಾಕು, 5 ಎಂಬಿ ಒಳಗೆ ಇಳಿಸಿ. ಧ್ವನಿ ಇರುವ ವಿಡಿಯೊವನ್ನು ಬ್ರೌಸರ್ ತಾನಾಗಿ ಓಡಿಸುವುದಿಲ್ಲ. ಹಾಗಾಗಿ ಪುಟ ತೆರೆದ ಕೂಡಲೇ ‘ಇಲ್ಲಿ ಮುಟ್ಟಿ’ ಎಂಬ ದೊಡ್ಡ ಗುಂಡಿ ಕಾಣಬೇಕು. ಐಫೋನ್‌ಗೆ ಪುಟದ ಕೋಡ್‌ನಲ್ಲಿ ವಿಡಿಯೊಗೆ ‘ಪ್ಲೇಸ್‌ಇನ್‌ಲೈನ್’ ಎಂಬ ಗುಣವನ್ನು ಸೇರಿಸದಿದ್ದರೆ ವಿಡಿಯೊ ಫೋಟೊ ಬಿಟ್ಟು ಇಡೀ ಪರದೆಗೆ ಹಾರುತ್ತದೆ. ಪುಟ ಎಚ್‌ಟಿಟಿಪಿಎಸ್ ವಿಳಾಸದಲ್ಲೇ ಇರಬೇಕು, ಇಲ್ಲವಾದರೆ ಕ್ಯಾಮೆರಾ ತೆರೆಯದು. ಕ್ಯಾಮೆರಾಗೆ ಅನುಮತಿ ಕೇಳಿದಾಗ ಹಿರಿಯರು ಗಾಬರಿಯಲ್ಲಿ ಒಮ್ಮೆ ‘ಬೇಡ’ ಒತ್ತಿಬಿಟ್ಟರೆ ಬ್ರೌಸರ್ ಮತ್ತೆ ಕೇಳದೆಯೂ ಇರಬಹುದು. ಆಗ ಅದರ ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ ಅನುಮತಿ ಕೊಡಬೇಕು. ಕ್ಯೂಆರ್ ಕೋಡ್‌ನ ಪಕ್ಕದಲ್ಲೇ ಇದನ್ನೆಲ್ಲ ಕನ್ನಡದಲ್ಲಿ ಮೂರು ಸಾಲು ಅಚ್ಚು ಹಾಕಿಸಿದರೆ ಫೋನ್ ಮಾಡಿ ವಿವರಿಸುವ ಕೆಲಸ ತಪ್ಪುತ್ತದೆ.

ಈ ದಾರಿಯ ನಿಜವಾದ ಸೊಗಸು ಕಾಣುವುದು ಶೆಟ್ಟಿಹಳ್ಳಿಯಲ್ಲಿ. ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿರುವ ಆ ಪಾಳು ಚರ್ಚ್ ಬೇಸಿಗೆಯಲ್ಲಿ ಒಣನೆಲದ ಮೇಲಿರುತ್ತದೆ, ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ. ಬೇಸಿಗೆಯ ಫೋಟೊವನ್ನು ಕಾರ್ಡ್ ಮಾಡಿ, ಮಳೆಗಾಲದ ವಿಡಿಯೊವನ್ನು ಅದರ ಮೇಲೆ ಕೂರಿಸಿದರೆ ಅಜ್ಜಿಯ ಕೈಯಲ್ಲೇ ಕಮಾನುಗಳ ಬುಡಕ್ಕೆ ನೀರು ಬರುತ್ತದೆ. ಎರಡನ್ನೂ ಒಂದೇ ಜಾಗದಿಂದ, ಜೂಮ್ ಮಾಡದೆ, ಅಡ್ಡಲಾಗಿ ಹಿಡಿದು ತೆಗೆದಿರಬೇಕು. ಫೋಟೊ ತೆಗೆಯುವಾಗಲೇ ನೀರು ಏರದ ಎತ್ತರದ ದಡವನ್ನು ಆರಿಸಿಕೊಳ್ಳಿ. ಕಮಾನಿನ ತುದಿಗಳು ಕೂಡದಿದ್ದರೆ ವಿಡಿಯೊವನ್ನು ಕತ್ತರಿಸಿ ಹೊಂದಿಸಿ.

3ಡಿ ಮಾದರಿ ಚೆನ್ನಾಗಿ ಬಂದರೆ ಫೋಟೊಗಿಂತ ಬೆರಗು ಹೆಚ್ಚು, ಆದರೆ ಬರುವುದು ಅಪರೂಪ. ಸುತ್ತ ನಡೆಯಲು ಜಾಗವಿರುವ ಕಲ್ಲನ್ನು ಮೋಡದ ಬೆಳಕಿನಲ್ಲಿ, ಮೂರು ಎತ್ತರದಲ್ಲಿ ಸುತ್ತು ಹಾಕುತ್ತ 60ರಿಂದ 80 ಫೋಟೊ ತೆಗೆದು, ಫೋಟೊಗಳಿಂದ 3ಡಿ ಮಾದರಿ ಕಟ್ಟುವ ಪಾಲಿಕ್ಯಾಮ್ ಆ್ಯಪ್‌ಗೆ ಕೊಡಬಹುದು. ಬೇಲೂರಿನ ಶಿಲಾಬಾಲಿಕೆಯರ ಆಸೆ ಬಿಡಿ: ಸೂರಿನ ಕೆಳಗೆ ಅಷ್ಟೆತ್ತರದಲ್ಲಿ ನಿಂತವರ ಬೆನ್ನು ನೆಲದ ಮೇಲಿಂದ ಕಾಣದು, ಮಾದರಿಯಲ್ಲಿ ಅಲ್ಲಿ ತೂತು ಬೀಳುತ್ತದೆ. ಗುಡಿಯೊಳಗಿನ ನವರಂಗ ಮಂಟಪದ ನುಣುಪು ಕಂಬಗಳೂ ಆಗವು. ಹೆಜ್ಜೆ ಇಟ್ಟಂತೆ ಹೊಳಪು ಜಾಗ ಬದಲಿಸುವುದರಿಂದ ಮೇಲ್ಮೈ ಉಬ್ಬುತಗ್ಗಾಗುತ್ತದೆ. ಗಾಳಿಗೆ ಅಲುಗುವ ಕಾಫಿ ಹೂವಿನ ರೆಂಬೆ ಮುದ್ದೆಯಾಗುತ್ತದೆ. ತೋರಿಸಲು, 3ಡಿ ಮಾದರಿಯನ್ನು ವೆಬ್ ಪುಟದಲ್ಲಿ ಕೂರಿಸುವ ಮಾಡೆಲ್‌ವ್ಯೂವರ್ ಒಳ್ಳೆಯದು: ಆಂಡ್ರಾಯ್ಡ್‌ಗೆ ಜಿಎಲ್‌ಬಿ, ಐಫೋನ್‌ಗೆ ಯುಎಸ್‌ಡಿಜೆಡ್ ಫೈಲ್. ಎಆರ್‌ಕೋರ್ (ಎಆರ್‌ಗೆ ಬೇಕಾದ ಗೂಗಲ್‌ನ ಸೌಲಭ್ಯ) ಇಲ್ಲದ ಆಂಡ್ರಾಯ್ಡ್ ಫೋನ್‌ನಲ್ಲಿ ಮಾದರಿ ಪರದೆಯ ಮೇಲೆ ತಿರುಗುತ್ತದೆಯೇ ಹೊರತು ನೆಲದ ಮೇಲೆ ನಿಲ್ಲದು. ಕೊಡುವ ಮುಂಚೆ ಅಜ್ಜಿಯ ಫೋನ್ ಯಾವುದೆಂದು ಕೇಳಿ.

ಜಿಪಿಎಸ್ ದಾರಿ ಮತ್ತೆ ಅಲ್ಲಿಗೇ ಹೋಗುವವರಿಗೆ ಮಾತ್ರ. ಬಯಲಲ್ಲೇ ನಾಲ್ಕೈದು ಮೀಟರ್ ಆಚೀಚೆ ಆಗುತ್ತದೆ, ಮರದಡಿ ಇನ್ನೂ ಹೆಚ್ಚು; ಕಾರಿನ ಪಕ್ಕ ನಿಂತರೆ ದಿಕ್ಸೂಚಿಯೇ ತಿರುಗಿಬಿಡುತ್ತದೆ. ಶೆಟ್ಟಿಹಳ್ಳಿಯಲ್ಲಿ ಬೇಸಿಗೆಯಲ್ಲಿ ಇಟ್ಟ ಗುರುತು ಮಳೆಗಾಲದಲ್ಲಿ ನೀರಿನ ನಡುವೆ.

ಯಾವ ದಾರಿಯಾದರೂ ಕಂಪನಿಯ ವೇದಿಕೆಯೊಳಗೆ ಮಾತ್ರ ಇಡಬೇಡಿ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗೆ ಎಆರ್ ಎಫೆಕ್ಟ್ ಮಾಡುವ ಮೆಟಾ ಸ್ಪಾರ್ಕ್ ವೇದಿಕೆ 2025ರ ಜನವರಿ 14ಕ್ಕೆ ಮುಚ್ಚಿತು, ಹೊರಗಿನವರು ಅದರಲ್ಲಿ ಮಾಡಿದ್ದ ಎಫೆಕ್ಟ್‌ಗಳೂ ಅದರ ಜೊತೆಗೇ ಹೋದವು. ಕ್ಯೂಆರ್ ನಿಮ್ಮದೇ ಪುಟಕ್ಕೆ ಹೋಗಲಿ. ಮೂಲ ಫೋಟೊ, ವಿಡಿಯೊ, ಕಂಪೈಲ್ ಆದ ಫೈಲ್ ಮೂರನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿ ಕಾರ್ಡಿನ ಜೊತೆಗೇ ಕೊಡಿ.