ಶಾಸನ ಅಸಲಿಯೋ ನಕಲಿಯೋ: ಬಾದಾಮಿ ಸೀಮೆಯ ಕಲ್ಲಿಗೆ ಯಾವ ಸಲಕರಣೆ ಎಷ್ಟು ಕೆಲಸಕ್ಕೆ ಬರುತ್ತದೆ

ಬಾಗಲಕೋಟೆ ಜಿಲ್ಲೆಯಲ್ಲಿ ಹೊಲದ ಬದುವಿನಲ್ಲೋ ಗುಡಿಯ ಹಿಂದೋ ಅಕ್ಷರದ ಕಲ್ಲು ಕಂಡಿತೆಂದರೆ ಊರಲ್ಲಿ ಎರಡು ಪಕ್ಷ ಹುಟ್ಟುತ್ತವೆ. ಒಬ್ಬರಿಗೆ ಅದು ಚಾಲುಕ್ಯರ ಶಾಸನ, ಇನ್ನೊಬ್ಬರಿಗೆ ಮೊನ್ನೆ ಮೊನ್ನೆ ಯಾರೋ ಕೆತ್ತಿಸಿದ್ದು. ವಾದ ಮಾಡುವವರ ಕೈಯಲ್ಲಿರುವುದು ಮಾತ್ರ ನಡು ಮಧ್ಯಾಹ್ನ ತೆಗೆದ, ಅಕ್ಷರಕ್ಕೆಲ್ಲ ಸೀಮೆಸುಣ್ಣ ತುಂಬಿದ ಒಂದೇ ಫೋಟೊ. ಅದರಿಂದ ಯಾವ ತೀರ್ಮಾನಕ್ಕೂ ಬರಲಾಗದು. ಸೀಮೆಸುಣ್ಣ ತುಂಬಿದವನು ತಾನು ಓದಿದ್ದನ್ನೇ ಕಲ್ಲಿನ ಮೇಲೆ ಬರೆದಿರುತ್ತಾನೆ. ಈ ಕೆಲಸಕ್ಕೆಂದು ಪೇಟೆಯಲ್ಲಿ ಸಿಗುವ ಸಲಕರಣೆಗಳಲ್ಲಿ ಯಾವುದಕ್ಕೆ ಹಣ ಹಾಕಬೇಕು, ಯಾವುದಕ್ಕೆ ಬೇಡ ಎಂಬುದನ್ನು ಇಲ್ಲಿನ ಕಲ್ಲಿಗೆ ಹೊಂದಿಸಿ ಹೇಳುತ್ತಿದ್ದೇವೆ.

ಮೊದಲು ಕೊಳ್ಳಬೇಕಾದದ್ದು ಒಳ್ಳೆಯ ಟಾರ್ಚ್. ಕಿರಣ ಕಿರಿದಾಗಿರಬೇಕು, ಬೆಳಕನ್ನು ಏರಿಸಿ ಇಳಿಸಲು ಬರಬೇಕು, ಅಷ್ಟು ಸಾಕು. ಕತ್ತಲಾದ ಮೇಲೆ ಎರಡು ಮೂರು ಅಡಿ ದೂರದಿಂದ, ಕಲ್ಲಿನ ಮೈಗೆ 10ರಿಂದ 15 ಡಿಗ್ರಿ ಓರೆಯಾಗಿ ಬೆಳಕು ಬಿಡಿ. ನಾಲ್ಕೂ ದಿಕ್ಕಿನಿಂದ ಬಿಡಬೇಕು, ಏಕೆಂದರೆ ಕಿರಣಕ್ಕೆ ಸಮಾನಾಂತರವಾದ ಗೆರೆಗೆ ನೆರಳು ಬೀಳದೆ ಅದು ಮಾಯವಾಗುತ್ತದೆ. ಒಂದೇ ದಿಕ್ಕಿನ ಬೆಳಕಿನಲ್ಲಿ ಒಂದು ಅಕ್ಷರ ಇನ್ನೊಂದಾಗಿ ಕಾಣುವುದು ಹೀಗೆಯೇ.

ಓರೆ ಬೆಳಕಿನಲ್ಲಿ ಅಕ್ಷರಕ್ಕಿಂತ ಮೊದಲು ಗೆರೆಯ ತಳ ನೋಡಿ. ಉಳಿಯಿಂದ ಕಡಿದ ಗೆರೆ ಏಟಿನ ಮೇಲೆ ಏಟು ಬಿದ್ದು ಆದದ್ದು. ತಳ ಏರುಪೇರಾಗಿರುತ್ತದೆ, ಅಗಲ ಹೆಚ್ಚು ಕಡಿಮೆ ಇರುತ್ತದೆ. ಗ್ರೈಂಡರಿನ ಬಿಲ್ಲೆ ಕೊರೆದ ಗೆರೆ ನೇರವಾಗಿ, ಉದ್ದಕ್ಕೂ ಒಂದೇ ಅಗಲವಾಗಿರುತ್ತದೆ. ಬಿಲ್ಲೆ ದುಂಡಗಿರುವುದರಿಂದ ತುದಿಯಲ್ಲಿ ಆಳ ಕಡಿಮೆಯಾಗುತ್ತ ಮೂಲೆಯನ್ನು ದಾಟಿ ಮುಂದೆ ಹೋಗಿರುತ್ತದೆ. ನಮ್ಮ ಅಕ್ಷರಗಳೋ ಗುಂಡು ಗುಂಡು. ಸಣ್ಣ ಬಾಗಿನಲ್ಲಿ ಬಿಲ್ಲೆ ತಿರುಗುವುದಿಲ್ಲ, ಹಾಗಾಗಿ ನಕಲಿ ಕೆತ್ತನೆಯಲ್ಲಿ ಸುತ್ತು ಎಂಬುದು ಚಿಕ್ಕ ಚಿಕ್ಕ ನೇರ ತುಂಡುಗಳ ಜೋಡಣೆಯಾಗಿರುತ್ತದೆ. ಇದೊಂದನ್ನು ಸರಿಯಾಗಿ ನೋಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಬಣ್ಣ ನೋಡಿ ತೀರ್ಪು ಕೊಡಬೇಡಿ. ಬಾದಾಮಿ, ಐಹೊಳೆಯ ಮರಳುಗಲ್ಲಿನಲ್ಲಿ ಕಬ್ಬಿಣದ ಅಂಶವಿದೆ. ಬಯಲಿನಲ್ಲಿದ್ದ ಕಲ್ಲಿನ ಮೈ ಕಾಲ ಕಳೆದಂತೆ ಕಪ್ಪುಗೆಂಪಾಗುತ್ತದೆ. ಹೊಸ ಏಟು ಬಿದ್ದಲ್ಲಿ ಒಳಗಿನ ತಿಳಿ ಬಣ್ಣ ಕಾಣುತ್ತದೆ. ಆದರೆ ಯಾರೋ ಉತ್ಸಾಹದಿಂದ ತಂತಿ ಬ್ರಷ್ ಹಾಕಿ ಉಜ್ಜಿದ ಅಸಲಿ ಶಾಸನವೂ ಹೊಸದರಂತೆಯೇ ಹೊಳೆಯುತ್ತದೆ. ಕೆಮ್ಮಣ್ಣು, ಎಂಜಿನ್ ಎಣ್ಣೆ ಮೆತ್ತಿದ ನಕಲಿ ಹಳೆಯದರಂತೆ ಕಾಣುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಒಂದು ಮೂಲೆಯನ್ನು ಮೆಲ್ಲಗೆ ಒರೆಸಿದರೆ ಮಣ್ಣು ಬಟ್ಟೆಗೆ ಹತ್ತುತ್ತದೆ. ಎಣ್ಣೆಯನ್ನು ವಾಸನೆಯಿಂದ ಹಿಡಿಯಬೇಕು.

ಯುಎಸ್‌ಬಿ ಮೈಕ್ರೋಸ್ಕೋಪ್ ಕೊಂಡರೆ ತಪ್ಪಿಲ್ಲ. ಡಬ್ಬಿಯ ಮೇಲಿನ 1000 ಪಟ್ಟು ಎಂಬ ಮಾತು ನಂಬಬೇಡಿ, 50 ಪಟ್ಟಿನ ಆಸುಪಾಸಿನಲ್ಲಿ ಚಿತ್ರ ಸ್ಪಷ್ಟವಾಗಿ ಬಂದರೆ ಸಾಕು. ಮರಳುಗಲ್ಲಿನ ಗೆರೆಯ ತಳದಲ್ಲಿ ಹರಳುಗಳು ಒಡೆದು ಮಿನುಗುತ್ತಿದ್ದರೆ ಏಟು ಹೊಸದು. ಅಂಚು ಮೊಂಡಾಗಿ ಮಂಕಾಗಿದ್ದರೆ ಹಳೆಯದಿರಬಹುದು. ವಿಜಯಪುರದ ಕಡೆಯ ಕರಿ ಬಸಾಲ್ಟಿಗೆ ಈ ಲೆಕ್ಕ ನಡೆಯದು, ಅಲ್ಲಿ ಬಿಡಿ ಹರಳುಗಳೇ ಕಣ್ಣಿಗೆ ಬೀಳುವುದಿಲ್ಲ. ಇನ್ನು ಕಲ್ಲಿಗೆ ಕಾರ್ಬನ್ ಪರೀಕ್ಷೆ ಮಾಡಿಸಿ ಕೆತ್ತಿದ ವರ್ಷ ಹೇಳುತ್ತೇವೆ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆ ಪರೀಕ್ಷೆ ಮರ, ಮೂಳೆ, ಇದ್ದಿಲಿನಂಥ ಜೀವಮೂಲದ ವಸ್ತುಗಳಿಗೆ.

ಪಡಿಯಚ್ಚು ಎಂದರೆ ಒದ್ದೆ ಕಾಗದ ಹಾಸಿ ಮಸಿಯಿಂದ ಅಕ್ಷರದ ಅಚ್ಚು ತೆಗೆಯುವುದು. ಅದರ ಸಾಮಾನು ಓದಲಿಕ್ಕೆ ಉತ್ತಮ, ಅಸಲಿತನ ಅಳೆಯಲಿಕ್ಕೆ ಸಾಲದು. ಕಾಗದದ ಮೇಲೆ ಅಕ್ಷರದ ಆಕಾರ ಬರುತ್ತದೆ, ಗೆರೆಯ ತಳ ಬರುವುದಿಲ್ಲ. ಕೆಲಸದ ಕ್ರಮ ಇಷ್ಟು: ಮೆತ್ತನೆ ಬ್ರಷ್‌ನಿಂದ ಬರೀ ನೀರು ಹಾಕಿ ತೊಳೆಯಿರಿ. ತೆಳುವಾದರೂ ಗಟ್ಟಿಯಾದ ಕೈಕಾಗದವನ್ನು ನೆನೆಸಿ ಹಾಸಿರಿ. ನಡುವಿನಿಂದ ಅಂಚಿನ ಕಡೆಗೆ ಗಾಳಿ ಹೊರಹಾಕುತ್ತ ಗಡಸು ಬ್ರಷ್‌ನಿಂದ ಬಡಿದು ಕಾಗದವನ್ನು ಅಕ್ಷರದೊಳಗೆ ಇಳಿಸಿರಿ. ಅರ್ಧ ಒಣಗಿದಾಗ ಬಟ್ಟೆಯ ಗುಂಡಿಗೆ ಮಸಿ ಹತ್ತಿಸಿ, ಬೇರೊಂದು ಹಲಗೆಯ ಮೇಲೆ ತಟ್ಟಿ ಹೆಚ್ಚಿನದನ್ನು ಕಳೆದು, ಕಾಗದದ ಮೇಲೆ ಹಗುರಾಗಿ ತಟ್ಟಿರಿ. ಉಬ್ಬಿದ ಭಾಗ ಕಪ್ಪಾಗಿ, ಅಕ್ಷರ ಬಿಳಿಯಾಗಿ ಉಳಿಯಬೇಕು. ಕಾಗದ ತೀರ ಹಸಿಯಾಗಿದ್ದರೆ ಮಸಿ ಹರಡಿ ಕಲ್ಲಿಗೂ ಇಳಿಯುತ್ತದೆ. ತೀರ ಒಣಗಿದರೆ ಅಂಚು ಎದ್ದು ಗಾಳಿಗೆ ಹಾರುತ್ತದೆ. ಬೇಸಿಗೆಯ ಬಿಸಿಗಾಳಿಯಲ್ಲಿ ಈ ನಡುವಿನ ಹದ ಬಹಳ ಹೊತ್ತು ನಿಲ್ಲುವುದಿಲ್ಲ, ಆದ್ದರಿಂದ ಬೆಳಗ್ಗೆ ಬೇಗನೆ ಕೆಲಸ ಹಿಡಿಯಿರಿ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವ ಕಲ್ಲಾದರೆ ಅನುಮತಿಯಿಲ್ಲದೆ ಕಾಗದ ಮುಟ್ಟಿಸಬೇಡಿ. ಬಾದಾಮಿ, ಐಹೊಳೆಗಳು ಧಾರವಾಡ ವೃತ್ತಕ್ಕೆ ಸೇರುತ್ತವೆ.

ಇಂದು ಹೆಚ್ಚು ಉಪಯೋಗಕ್ಕೆ ಬರುವುದು ಫೋಟೊಗಳಿಂದ ಕಟ್ಟುವ 3ಡಿ ಮಾದರಿ. ಮೋಡವಿದ್ದಾಗ, ಫ್ಲ್ಯಾಷ್ ಇಲ್ಲದೆ, ಒಂದರ ಮೇಲೊಂದು ಮುಕ್ಕಾಲು ಭಾಗ ಬರುವಂತೆ ಫೋಟೊ ತೆಗೆಯಿರಿ. ಮೀಟರ್ ಉದ್ದದ ಕಲ್ಲಿಗೆ 60ರಿಂದ 100 ಚಿತ್ರ ಬೇಕು. ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಮೆಶ್‌ಲ್ಯಾಬ್ ಎಂಬ ಉಚಿತ ತಂತ್ರಾಂಶದಲ್ಲಿ ಮಾದರಿ ತೆರೆದು ಬಣ್ಣ ತೆಗೆದುಹಾಕಿ, ಬರೀ ಆಕಾರ ನೋಡಿ. ಕುಂಕುಮ, ಸುಣ್ಣ, ಪೇಂಟು ಎಲ್ಲದರ ಬಣ್ಣವೂ ಹೋಗಿ ಕಲ್ಲಿನ ತಗ್ಗು ಉಬ್ಬು ಮಾತ್ರ ಉಳಿಯುತ್ತದೆ. ಗೆರೆಯನ್ನು ಅಡ್ಡ ಕತ್ತರಿಸಿ ಆಳ, ಅಗಲ ಅಳೆಯಲೂ ಬರುತ್ತದೆ. ಫೋನಿನ ಲೈಡಾರ್ ನಂಬಿ ಹೋದವರು ಮಾತ್ರ ನಿರಾಶರಾಗುತ್ತಾರೆ. ಕೋಣೆ ಅಳೆಯುವ ಆ ಸೆನ್ಸರಿಗೆ ಎರಡು ಮಿಲಿಮೀಟರ್ ಆಳದ ಅಕ್ಷರ ಸಿಗದು.

ಕೆತ್ತನೆ ಹಳೆಯದೆಂದು ಕಂಡ ಮೇಲೆ ಲಿಪಿ, ಭಾಷೆಯ ಪರೀಕ್ಷೆ. ಇದಕ್ಕೆ ಯಂತ್ರವಿಲ್ಲ, ಆದರೆ ಅಸಲಿ ಮಾದರಿಗಳು ಇಲ್ಲೇ ಇವೆ: ಬಾದಾಮಿಯಲ್ಲಿ ಒಂದನೆಯ ಪುಲಕೇಶಿಯ ಬಂಡೆಗಲ್ಲು (ಶಕ 465, ಕ್ರಿ.ಶ. 543), ಮಂಗಲೇಶ ಕೊರೆಯಿಸಿದ ಮೂರನೆಯ ಗುಹೆಯ ಶಾಸನ (578), ಕಪ್ಪೆ ಅರಭಟ್ಟನ ತ್ರಿಪದಿಗಳು (ಸುಮಾರು 700), ಐಹೊಳೆಯ ಮೇಗುತಿ ಗುಡಿಯಲ್ಲಿ ಕವಿ ರವಿಕೀರ್ತಿಯ ಶಾಸನ (634). ಏಳನೆಯ ಶತಮಾನದ್ದೆನ್ನುವ ಕಲ್ಲಿನಲ್ಲಿ ಪದಗಳ ನಡುವೆ ಜಾಗ ಬಿಟ್ಟಿದ್ದರೆ, ‘ಎ’ ‘ಏ’ಗಳ ಹ್ರಸ್ವ ದೀರ್ಘ ಬೇರೆಯಾಗಿ ತೋರಿಸಿದ್ದರೆ, ‘ಪೂ’ ಇರಬೇಕಾದಲ್ಲಿ ‘ಹೂ’ ಬಂದಿದ್ದರೆ ಅನುಮಾನಿಸಿ. ಹಳಗನ್ನಡದ ‘ೞ’ ಅಕ್ಷರ ಇದೆ ಎಂದು ಹಿಗ್ಗಬೇಡಿ, ಸರಿಯಾದ ಜಾಗದಲ್ಲಿದೆಯೇ ನೋಡಿ. ‘ಏೞು’ ಸರಿ; ‘ಕೇಳ್’ ಬರಬೇಕಾದಲ್ಲಿ ‘ಕೇೞ್’ ಎಂದು ಬರೆದವನು ಆ ಕಾಲದವನಲ್ಲ.

ಕಾಲ ಹೊಂದದಿದ್ದರೆ ಎಷ್ಟು ದೊಡ್ಡ ದಾಖಲೆಯೂ ಬೀಳುತ್ತದೆ. ಒಂದನೆಯ ಪುಲಕೇಶಿಯ ಹೆಸರಿನ ಆಲ್ತೆಂ ತಾಮ್ರಪಟ ಶಕ 411 ಎನ್ನುತ್ತದೆ, ಅಂದರೆ ಬಾದಾಮಿಯ ಬಂಡೆಗಿಂತ 54 ವರ್ಷ ಹಿಂದೆ. ವಿದ್ವಾಂಸರು ಅದನ್ನು ಕೂಟಶಾಸನ, ಅಂದರೆ ನಕಲಿ ಶಾಸನವೆಂದು ಪಕ್ಕಕ್ಕಿಟ್ಟಿದ್ದಾರೆ. ಆದರೆ ಶಕವರ್ಷದಲ್ಲಿ ಒಂದು ವರ್ಷದ ವ್ಯತ್ಯಾಸ ಕಂಡ ಮಾತ್ರಕ್ಕೆ ನಕಲಿ ಎನ್ನಬೇಡಿ. ಮುಗಿದ ವರ್ಷಗಳನ್ನು ಮಾತ್ರ ಎಣಿಸುವುದು, ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಎಣಿಸುವುದು ಎಂಬ ಎರಡು ಎಣಿಕೆಗಳಿದ್ದವು. ಆಮೇಲೆ ಸೇರಿಸಿದ ಸಾಲು ಕಂಡರೂ ಇಡೀ ಕಲ್ಲನ್ನು ತಳ್ಳಿಹಾಕಬಾರದು. ಮೇಗುತಿಯ ಶಾಸನದಲ್ಲೇ 18ನೆಯ ಸಾಲು ಮತ್ತು ಗಿಡ್ಡನೆಯ 19ನೆಯ ಸಾಲು ರವಿಕೀರ್ತಿಯದಲ್ಲ, ನಂತರದ ಸೇರ್ಪಡೆ ಎಂದು ಶಾಸನತಜ್ಞರಾದ ಫ್ಲೀಟ್, ಕೀಲ್‌ಹಾರ್ನ್ ಗುರುತಿಸಿದ್ದಾರೆ. ಹಾಗೆಂದು ಮೇಲಿನ 17 ಸಾಲುಗಳ ತೂಕ ಕಡಿಮೆಯಾಗಿಲ್ಲ.

ಹಣ ಕಡಿಮೆಯಿದ್ದರೆ ಟಾರ್ಚ್ ಮತ್ತು ಅಳತೆಪಟ್ಟಿ ಕೊಂಡು 3ಡಿಗೆ ಕೈಯಲ್ಲಿರುವ ಫೋನಿನ ಕ್ಯಾಮೆರಾ ಬಳಸಿ. ಪಡಿಯಚ್ಚಿನ ಸಾಮಾನು ಕೊನೆಗೆ ಬರಲಿ. ಕಾಗದ ಹಾಸುವ ಮುಂಚೆ ಕಲ್ಲಿನ ಬರಹವಿಲ್ಲದ ಅಂಚನ್ನು ಅಂಗೈಯಿಂದ ಮೆಲ್ಲಗೆ ಸವರಿ. ಕೈಗೆ ಮರಳು ಹತ್ತಿದರೆ ಆ ಕಲ್ಲಿಗೆ ನೀರೂ ಬೇಡ, ಬ್ರಷ್ಷೂ ಬೇಡ, ಫೋಟೊ ಮಾತ್ರ ತೆಗೆಯಿರಿ.