ಹತ್ತಿಯ ಕಾಯಿಕೊರಕಕ್ಕೆ ಕ್ಲೋರಾಂಟ್ರನಿಲಿಪ್ರೋಲ್ 18.5 ಎಸ್‌ಸಿ: ಹಲವು ಹಂಗಾಮುಗಳ ಬಳಕೆಯ ನಂತರ

ಹಾವೇರಿ ಜಿಲ್ಲೆಯ ನಮ್ಮ ಎರೆಹೊಲದಲ್ಲಿ ಹತ್ತಿಗೆ ಹಲವು ಹಂಗಾಮುಗಳಿಂದ ಕ್ಲೋರಾಂಟ್ರನಿಲಿಪ್ರೋಲ್ 18.5 ಎಸ್‌ಸಿ (ನೀರಿಗೆ ಬೆರೆಸುವ ದ್ರವ, ಶೇ. 18.5 ಸಾಂದ್ರತೆ) ಎಂಬ ಕೀಟನಾಶಕವನ್ನು ಸಿಂಪಡಿಸುತ್ತಿದ್ದೇನೆ. ಹಿಂದೆ ಬಳಸುತ್ತಿದ್ದ ಮೊನೊಕ್ರೊಟೊಫಾಸ್ ಕೀಟನಾಶಕದ ಡಬ್ಬಿಯ ಮೇಲೆ ಅತಿ ವಿಷಕಾರಿ ಎಂದು ಸಾರುವ ಕೆಂಪು ತ್ರಿಕೋನವಿತ್ತು. ಇದರ ಮೇಲಿರುವುದು ವಿಷ ಅತಿ ಕಡಿಮೆ ಎಂದು ತಿಳಿಸುವ ಹಸಿರು ತ್ರಿಕೋನ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುವಾಗ ವಿಷವೇರಿ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಕಾರರು ತೀರಿಕೊಂಡರು. ಅಂದಿನಿಂದ ನಾನು ಔಷಧಿ ಆರಿಸುವಾಗ ಮೊದಲು ನೋಡುವುದು ಬೆನ್ನಿಗೆ ಪಂಪು ಕಟ್ಟಿಕೊಳ್ಳುವವರ ಜೀವವನ್ನು.

ಲೀಟರ್ ನೀರಿಗೆ 0.3 ಮಿ.ಲೀ., ಅಂದರೆ ಎಕರೆಗೆ 200 ಲೀಟರ್ ನೀರಿನಲ್ಲಿ 60 ಮಿ.ಲೀ. ಸಾಕು. 2022ರಲ್ಲಿ ಪೇಟೆಂಟ್ ಮುಗಿದು ಬೇರೆ ಕಂಪನಿಗಳ ಡಬ್ಬಿಗಳೂ ಬಂದಿರುವುದರಿಂದ ಬೆಲೆ ಮೊದಲಿನಷ್ಟು ಭಾರವಾಗಿಲ್ಲ. ಔಷಧಿ ಹೊಡೆದ ಕೂಡಲೇ ಹುಳು ಸತ್ತು ಬೀಳುವುದಿಲ್ಲ. ಅದರ ಸ್ನಾಯುಗಳಲ್ಲಿ ಶೇಖರವಾಗಿರುವ ಕ್ಯಾಲ್ಸಿಯಂ ಸೋರಿಹೋಗಿ ಕೆಲವೇ ಗಂಟೆಗಳಲ್ಲಿ ಮೇಯುವುದು ನಿಲ್ಲುತ್ತದೆ. ಸಾವು ಎರಡು ಮೂರು ದಿನಗಳ ಮಾತು. ಮರುದಿನ ಮೊಗ್ಗು ಬಿಡಿಸಿ ನೋಡಿದರೆ ಹಸಿರು ಕಾಯಿಕೊರಕ ಕುಗ್ಗಿ ಬಿದ್ದಿರುತ್ತದೆ, ಕಡ್ಡಿ ತಾಗಿಸಿದರೂ ಮಿಸುಕುವುದಿಲ್ಲ, ಹೊಸ ಹಿಕ್ಕೆಯೂ ಕಾಣುವುದಿಲ್ಲ. ಅದೇ ಗಿಡದ ಎಲೆಯಡಿ ಜೇಡ, ಗುಲಗಂಜಿ ಹುಳು ಓಡಾಡಿಕೊಂಡಿರುತ್ತವೆ. ಸೈಪರ್ಮೆಥ್ರಿನ್ ಎಂಬ ಇನ್ನೊಂದು ಕೀಟನಾಶಕ ಹೊಡೆದ ಹೊಲದಲ್ಲಿ ಈ ನೋಟ ನನಗೆ ಸಿಕ್ಕಿಲ್ಲ.

ಕಾಯಿಕೊರಕ ಕೊಲ್ಲುವ ವಿಷವನ್ನು ತಾನೇ ತಯಾರಿಸುವಂತೆ ಕುಲಾಂತರಿಸಿದ ಬಿ.ಟಿ. ಹತ್ತಿಯನ್ನೂ ಜೀರ್ಣಿಸಿಕೊಂಡಿರುವ ಗುಲಾಬಿ ಕಾಯಿಕೊರಕದ ವಿಷಯದಲ್ಲಿ ಮಾತ್ರ ಸಮಯವೇ ಎಲ್ಲವೂ. ಮೊಟ್ಟೆಯೊಡೆದ ಮರಿ ಬೇಗನೆ ಕಾಯಿಯೊಳಗೆ ಸೇರಿಬಿಡುತ್ತದೆ, ಆಮೇಲೆ ಯಾವ ಸಿಂಪರಣೆಯೂ ಅದನ್ನು ಮುಟ್ಟದು. ಆದ್ದರಿಂದ ಹೆಣ್ಣು ಪತಂಗದ ವಾಸನೆಯಿಂದ ಗಂಡು ಪತಂಗಗಳನ್ನು ಸೆಳೆಯುವ ಮೋಹಕ ಬಲೆಯಲ್ಲಿ ಸತತ ಮೂರು ರಾತ್ರಿ ಎಂಟೆಂಟು ಪತಂಗ ಬಿದ್ದರೆ ಅಥವಾ ಅರಳದೆ ಮುದುಡಿದ ಹೂಗಳು ಹೆಚ್ಚಾದರೆ ತಡಮಾಡದೆ ಹೊಡೆಯುತ್ತೇನೆ. ಹುಳು ಒಂದೇ ಔಷಧಿಗೆ ಒಗ್ಗಿಕೊಳ್ಳಬಾರದೆಂದು ಮುಂದಿನ ಸರದಿಗೆ ಇದನ್ನೇ ಮತ್ತೆ ಬಳಸದೆ ಎಮಾಮೆಕ್ಟಿನ್ ಬೆಂಜೊಯೇಟ್ ಅಥವಾ ಸ್ಪೈನೋಸಾಡ್ ತೆಗೆದುಕೊಳ್ಳುತ್ತೇನೆ. ಫ್ಲೂಬೆಂಡಿಯಮೈಡ್ ಹೆಸರು ಬೇರೆಯಾದರೂ ಇದೇ ಗುಂಪಿನದು, ಅದನ್ನು ಹೊಡೆದರೆ ಔಷಧಿ ಬದಲಿಸಿದಂತಾಗುವುದಿಲ್ಲ. ಗಿಡದ ರಸ ಹೀರುವ ಜಿಗಿಹುಳು, ಸಸ್ಯಹೇನುಗಳಿಗೆ ಕ್ಲೋರಾಂಟ್ರನಿಲಿಪ್ರೋಲ್ ನೆಚ್ಚಬಾರದು.

ಹಸಿರು ತ್ರಿಕೋನವಿದೆಯೆಂದು ಮುಖಗವಸು, ಕೈಗವಸು ಬಿಡುವಂತಿಲ್ಲ; ಉಳಿದ ದ್ರಾವಣವನ್ನು ಹಳ್ಳ, ಕೆರೆಗೆ ಚೆಲ್ಲಿದರೆ ನೀರಿನ ಸಣ್ಣ ಜೀವಿಗಳು ಸಾಯುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ರೇಷ್ಮೆ ಹುಳುವೂ ಪತಂಗದ ಮರಿಯೇ ಆದ್ದರಿಂದ ಇದು ಅದಕ್ಕೆ ಘೋರ ವಿಷ, ಹಿಪ್ಪುನೇರಳೆ ಎಲೆಯ ಮೇಲೆ ಬಿದ್ದರೆ ಬಹುದಿನ ಉಳಿಯುತ್ತದೆ. ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿರುವವರು ಇದನ್ನು ಕೊಳ್ಳದಿರುವುದೇ ಒಳ್ಳೆಯದು. ಅಂಗಡಿಯವರು ಈ ಮಾತನ್ನು ಡಬ್ಬಿ ಕೈಗಿಡುವ ಮೊದಲೇ ಹೇಳಬೇಕು.